ಕಾರಿನ ಡಿಕ್ಕಿಯಲ್ಲೊಂದು ಡಬ್ಬಿ: ಬೀದಿಯಲ್ಲಿ ಮಲಗುವವರಿಗೆ ಏನಿಡಬೇಕು, ಹೇಗೆ ಕೊಡಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ರಾತ್ರಿ ಒಂಬತ್ತರ ಮೇಲೆ ಕಾರು ಓಡಿಸುವವರಿಗೆ ರೈಲು ನಿಲ್ದಾಣದ ಎದುರು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ದೊಡ್ಡಾಸ್ಪತ್ರೆಯ ಗೇಟಿನ ಹತ್ತಿರ, ಶಟರ್ ಎಳೆದ ಅಂಗಡಿಯ ಮೆಟ್ಟಿಲ ಮೇಲೆ ಮಲಗಿದವರು ಕಂಡೇ ಕಾಣುತ್ತಾರೆ. ಏನಾದರೂ ಕೊಡಬೇಕೆನಿಸುತ್ತದೆ, ಆದರೆ ಆ ಹೊತ್ತಿಗೆ ಕೈಯಲ್ಲಿ ಚಿಲ್ಲರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಡಿಕ್ಕಿಯಲ್ಲಿ ಸಿದ್ಧವಾಗಿ ಒಂದು ಡಬ್ಬಿ ಇದ್ದರೆ ಈ ತೊಡಕು ತೀರುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಪಟ್ಟಿಗಳು ಹೆಚ್ಚಾಗಿ ಚಳಿ ದೇಶದವು: ಕೈಗವಸು, ಚಾಕೊಲೇಟ್, ಉಣ್ಣೆ ಸಾಕ್ಸ್. ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಬಿಸಿಲೇ ದೊಡ್ಡ ವೈರಿ. ಬೀದಿಯಲ್ಲಿರುವವರಿಗೂ ಬಿಸಿಲೇ ಕಷ್ಟ, ಡಬ್ಬಿಯಲ್ಲಿಟ್ಟ ಸಾಮಾನು ಕೆಡುವುದೂ ಅದರಿಂದಲೇ. ಡಬ್ಬಿಯನ್ನು ಈ ಸೀಮೆಯ ಹವೆಗೆ ತಕ್ಕಂತೆ ತುಂಬಿಸಬೇಕು.

ಮೊದಲು, ಯಾರು ಮಲಗಿದ್ದಾರೆ ಎಂದು ನೋಡಿ

ನೆಲದ ಮೇಲೆ ಮಲಗಿದವರೆಲ್ಲ ಮನೆ ಇಲ್ಲದವರಲ್ಲ. ಒಂದೇ ಕಟ್ಟೆಯ ಮೇಲೆ ಮೂರು ಬಗೆಯ ಜನ ಇರುತ್ತಾರೆ, ಮೂವರ ಅಗತ್ಯವೂ ಬೇರೆ ಬೇರೆ. ಇದನ್ನು ಗುರುತಿಸದೆ ಕೊಡಲು ಹೋದರೆ ಒಬ್ಬರಿಗೆ ಅವಮಾನವಾಗುತ್ತದೆ, ಇನ್ನೊಬ್ಬರಿಗೆ ಬೇಕಾದದ್ದು ಸಿಗುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, ನಿಲ್ದಾಣದಲ್ಲಿ ಗಂಟುಮೂಟೆ, ಪಾತ್ರೆಯ ಚೀಲ, ಮಕ್ಕಳ ಸಮೇತ ಕುಳಿತವರು ಸಾಮಾನ್ಯವಾಗಿ ಗುಳೆ ಹೊರಟವರು. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಈ ಕುಟುಂಬಗಳಿಗೆ ಊರಲ್ಲಿ ಮನೆ ಇದೆ, ಮರ್ಯಾದೆ ಇದೆ. ಅವರಿಗೆ ಹಳೆ ಬಟ್ಟೆ ಚಾಚಬೇಡಿ. ಮಕ್ಕಳಿಗೆ ಬಿಸ್ಕತ್ತು, ದಾರಿಗೆ ನೀರು ಸಾಕು, ಅದನ್ನೂ ಕೇಳಿಯೇ ಕೊಡಬೇಕು.

ಬಳ್ಳಾರಿಯ ವಿಮ್ಸ್ (ಈಗಿನ ಬಿಎಂಸಿಆರ್‌ಸಿ), ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಗಳ ಹೊರಗೆ ಮಲಗುವವರಲ್ಲಿ ಬಹಳ ಮಂದಿ ಒಳಗಿರುವ ರೋಗಿಯ ಕಡೆಯವರು. ಎರಡು ದಿನಕ್ಕೆಂದು ಬಂದು ಎರಡು ವಾರ ಉಳಿದಿರುತ್ತಾರೆ. ಅವರಿಗೆ ಬೇಕಾದದ್ದು ಹಾಸಲು ಒಂದು ಚಾಪೆ, ಸೊಳ್ಳೆ ಕ್ರೀಮು, ಸೋಪು, ಒಂದು ಟವೆಲ್. ಜೊತೆಗೆ ಹತ್ತಿರದ ಇಂದಿರಾ ಕ್ಯಾಂಟೀನ್ ಎಲ್ಲಿದೆ ಎಂಬ ಮಾಹಿತಿ. ಅಲ್ಲಿ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ.

ಮೂರನೆಯವರು ನಿಜವಾಗಿ ಬೀದಿಯನ್ನೇ ನೆಚ್ಚಿಕೊಂಡವರು: ಮನೆಯಿಂದ ಹೊರಬಿದ್ದ ವೃದ್ಧರು, ಮನಸ್ಸಿನ ಕಾಯಿಲೆಯಿಂದ ಊರೂರು ಅಲೆಯುವವರು, ಕುಡಿತಕ್ಕೆ ಎಲ್ಲ ಕಳೆದುಕೊಂಡವರು, ಚಿಂದಿ ಆಯುವವರು. ಡಬ್ಬಿ ಮುಖ್ಯವಾಗಿ ಇವರಿಗಾಗಿ. ಇವರ ಬಳಿ ಬೀಗ ಹಾಕುವ ಜಾಗವಿಲ್ಲ. ಇರುವುದನ್ನೆಲ್ಲ ಹೊತ್ತೇ ತಿರುಗಬೇಕು, ನಿದ್ದೆ ಬಂದಾಗ ತಲೆಯ ಕೆಳಗೆ ಇಟ್ಟುಕೊಳ್ಳಬೇಕು. ಏನೇ ಕೊಡುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಅವರು ಅದನ್ನು ಹೊರಬಲ್ಲರೇ? ರಾತ್ರಿ ಕಾಪಾಡಿಕೊಳ್ಳಬಲ್ಲರೇ? ನಾಲ್ಕು ಕೆಜಿಯ ಹೊಸ ರಗ್ಗು ಈ ಎರಡರಲ್ಲೂ ಸೋಲುತ್ತದೆ.

ಇನ್ನೊಂದು ಮಾತು. ಹುಲಿಗೆಮ್ಮನ ಹೆಸರಲ್ಲಿ ಜೋಗ ಬೇಡುವವರು ಹರಕೆಯ, ಸಂಪ್ರದಾಯದ ಮೇಲೆ ಬರುವವರು. ಅವರಿಗೆ ಮನೆಯಲ್ಲಿ ಕೊಡುವ ಹಾಗೆ ಕಾಳು, ಕಾಸು ಕೊಡಿ. ಡಬ್ಬಿ ತೆರೆಯುವ ಅಗತ್ಯವಿಲ್ಲ.

ಡಬ್ಬಿ ಹೇಗಿರಬೇಕು

25ರಿಂದ 30 ಲೀಟರ್ ಹಿಡಿಯುವ, ಎರಡೂ ಬದಿ ಕ್ಲಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಸಣ್ಣ ಕಾರಿನ ಡಿಕ್ಕಿಗೂ ಕೂರುತ್ತದೆ. ರಟ್ಟಿನ ಪೆಟ್ಟಿಗೆ ಬೇಡ. ಬಿಸ್ಕತ್ತು, ಶೇಂಗಾ ವಾಸನೆಗೆ ಇಲಿ ಕಾರಿನೊಳಗೆ ಸೇರುತ್ತದೆ. ಸೇರಿದ ಮೇಲೆ ಬಿಸ್ಕತ್ತು ತಿಂದು ಸುಮ್ಮನಿರುವುದಿಲ್ಲ, ವೈರು ಕಡಿಯುತ್ತದೆ. ಆ ರಿಪೇರಿಯ ದುಡ್ಡಿನಲ್ಲಿ ಡಬ್ಬಿಯನ್ನು ಹತ್ತು ಸಲ ತುಂಬಿಸಬಹುದು. ಮುಚ್ಚಳ ಬಿಗಿಯಾಗಿದ್ದು, ತಿನ್ನುವ ಸಾಮಾನು ಒಳಗೆ ಇನ್ನೊಂದು ಬಿಗಿ ಡಬ್ಬಿಯಲ್ಲಿದ್ದರೆ ಇಲಿ, ಇರುವೆ ಎರಡೂ ದೂರ.

ಡಬ್ಬಿಯನ್ನು ಡಿಕ್ಕಿಯಲ್ಲೇ ಇಡಿ, ಸೀಟಿನ ಮೇಲೆ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಒಂದು ಬಾಟಲಿ ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಅಪಘಾತಕ್ಕೆ ಅಷ್ಟೇ ಸಾಕು. ಆರು ಲೀಟರ್ ನೀರೆಂದರೆ ಆರು ಕೆಜಿ ಭಾರ, ಅದನ್ನು ತಳದಲ್ಲಿ ಜೋಡಿಸಿ ಮೇಲೆ ಬಟ್ಟೆ ಒತ್ತಾಗಿ ಇಡಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ತಾಸಿನಲ್ಲಿ ಕಾವು 60 ಡಿಗ್ರಿಯ ಹತ್ತಿರ ಹೋಗುತ್ತದೆ. ಹಾಗಾಗಿ ಕೆಲವು ವಸ್ತು ಕಾರಿನಲ್ಲಿ ಇಡಲೇಬಾರದು: ಸ್ಯಾನಿಟೈಸರ್, ಬೆಂಕಿಪೆಟ್ಟಿಗೆ, ಲೈಟರ್, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್. ಇವು ಹೊತ್ತಿಕೊಳ್ಳುವ, ಸಿಡಿಯುವ ಸಾಮಾನು. ಶಾಂಪೂ ಸ್ಯಾಶೆ ಉಬ್ಬಿ ಒಡೆಯುತ್ತದೆ, ಕೊಬ್ಬರಿ ಎಣ್ಣೆಯ ಪುಟ್ಟ ಪ್ಯಾಕೆಟ್ಟು ಸೋರಿ ಬಟ್ಟೆಯೆಲ್ಲ ಎಣ್ಣೆಯಾಗುತ್ತದೆ. ಅವನ್ನು ಇಡುವುದಾದರೆ ಪ್ರತ್ಯೇಕ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಡಬ್ಬಿಯ ಮೇಲೆ ಹಳೆ ಬಿಳಿ ಬೆಡ್‌ಶೀಟನ್ನು ನಾಲ್ಕು ಪದರ ಮಡಿಚಿ ಹೊದಿಸಿದರೆ ನೇರ ಬಿಸಿಲಾದರೂ ತಪ್ಪುತ್ತದೆ. ಬೇಸಿಗೆಯಲ್ಲಿ ತಿನ್ನುವ ಡಬ್ಬಿ, ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಉಪ್ಪು, ಗ್ಲೂಕೋಸಿನ ಪುಡಿ) ಪೊಟ್ಟಣ ಎರಡನ್ನೂ ಒಂದು ಕೈಚೀಲದಲ್ಲಿಟ್ಟು, ಕಾರು ನಿಲ್ಲಿಸಿದಾಗ ಜೊತೆಗೇ ಇಳಿಸಿಕೊಂಡು ಹೋಗಿ.

ನೀರು

ಉಳಿದದ್ದೆಲ್ಲ ಬಿಟ್ಟರೂ ನೀರು ಬಿಡಬೇಡಿ. ಬೇಸಿಗೆಯಲ್ಲಿ ಅಂಗಡಿ, ಹೋಟೆಲಿನವರು ಕೊಳಕು ಬಟ್ಟೆಯವರನ್ನು ಒಳಗೆ ಬಿಡುವುದಿಲ್ಲ. ನಲ್ಲಿಗಳೆಲ್ಲ ಕಾಂಪೌಂಡಿನ ಒಳಗಿರುತ್ತವೆ. ರಸ್ತೆಯಲ್ಲಿರುವವರು ನೀರು ಕಡಿಮೆ ಕುಡಿದೇ ದಿನ ತಳ್ಳುತ್ತಾರೆ.

ಅರ್ಧ ಲೀಟರಿನ ಬಾಟಲಿಗಿಂತ 1 ಲೀಟರಿನದು ಒಳ್ಳೆಯದು, ಆರು ಬಾಟಲಿ ಇಡಿ. ಇದಕ್ಕೆ ಲೆಕ್ಕವಿದೆ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿಯಾಗಿ 1 ಲೀಟರ್ ನೀರಿಗೆ ಸೇರಬೇಕು, ಸಣ್ಣ ಪೊಟ್ಟಣ 200 ಮಿಲಿಗೆ. ಅರ್ಧ ಲೀಟರಿಗೆ ಎರಡೂ ಹೊಂದುವುದಿಲ್ಲ. ದೊಡ್ಡ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿದರೆ ಉಪ್ಪು ದುಪ್ಪಟ್ಟಾಗಿ ಬಾಯಾರಿಕೆ ಹೆಚ್ಚುತ್ತದೆ, ಮಕ್ಕಳಿಗಂತೂ ಅಪಾಯ. 1 ಲೀಟರ್ ಬಾಟಲಿಯಿಂದ ಒಂದು ಗುಟುಕು ಕುಡಿಸಿ, ಪೊಟ್ಟಣ ಪೂರ್ತಿ ಹಾಕಿ ಅಲುಗಾಡಿಸಿ ಕೈಗೆ ಕೊಡಿ. ಒಂದು ದಿನದ ಮೇಲೆ ಉಳಿದದ್ದು ಚೆಲ್ಲಬೇಕೆಂದು ಹೇಳಿ.

ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿದೆಯೇ ನೋಡಿ. ಆ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಜ್ಯೂಸಿನಂತೆ ರಟ್ಟಿನ ಪ್ಯಾಕಿನಲ್ಲಿ ಬರುವ ಸಿಹಿ ಪಾನೀಯಗಳು ಇದಲ್ಲ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆದೇಶಿಸಿತು. ಪೊಟ್ಟಣದ ಪುಡಿ ಗಟ್ಟಿಯಾಗಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾವಿಗೆ ಕೆಟ್ಟಿದೆ ಎಂದರ್ಥ, ಎಸೆಯಿರಿ.

ಸೀಲ್ ಒಡೆಯದ ಬಾಟಲಿಯನ್ನೇ ಕೊಡಿ. ಗುರುತಿಲ್ಲದವರು ಕೊಟ್ಟ ನೀರಿನಲ್ಲಿ ಏನೋ ಬೆರೆಸಿದ್ದಾರೆಂಬ ಹೆದರಿಕೆ ರಸ್ತೆಯಲ್ಲಿ ಮಲಗುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಇದ್ದೇ ಇರುತ್ತದೆ. ಆ ಹೆದರಿಕೆ ಸರಿಯಾದದ್ದೇ. ಸೀಲ್ ಬಾಟಲಿ ದಿನಾ ಕೊಳ್ಳುವುದು ಭಾರವಾದರೆ, ಗುರುತಾದ ಕೆಲವರಿಗೆ ಒಂದೊಂದು ಗಟ್ಟಿ ಬಾಟಲಿ ಕೊಟ್ಟು, ಶುದ್ಧ ಕುಡಿಯುವ ನೀರಿನ ಘಟಕದಿಂದ ತುಂಬಿಸಿದ ಕ್ಯಾನಿನಿಂದ ಅವರ ಕಣ್ಣೆದುರೇ ತುಂಬಿಕೊಡಿ. ರಾಯಚೂರು, ಕೊಪ್ಪಳದ ಹಲವು ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇರುವುದರಿಂದ ಘಟಕದ ನೀರೇ ಮೇಲು. ಕಾರಿನಲ್ಲಿ ಕಾದ ಬಾಟಲಿಗಳನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬದಲಿಸಿ. ಹಳೆಯ ನೀರನ್ನು ಗಿಡಕ್ಕೆ ಹಾಕಿ.

ತಿನ್ನಲು

ಹೊರಗೆ ಕೆಡದ, ಒಲೆ ಬೇಡದ, ನಾಲ್ಕು ತುತ್ತಿಗೆ ಹೊಟ್ಟೆ ಹಿಡಿಯುವ ತಿನಿಸು ನಮ್ಮ ಕಡೆ ಬೇಕಾದಷ್ಟಿದೆ, ಅಂಗಡಿಯ ಪ್ಯಾಕೆಟ್ಟೇ ಬೇಕೆಂದಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಪುಟಾಣಿ (ಹುರಿಗಡಲೆ), ಬೆಲ್ಲ, ಅವಲಕ್ಕಿ, ಖರ್ಜೂರ ಎಲ್ಲವೂ ಆಗುತ್ತವೆ. ಆದರೆ ಒಂದೊಂದಕ್ಕೂ ಒಂದೊಂದು ಕರಾರು.

ಖಡಕ್ ರೊಟ್ಟಿ ಪೂರ್ತಿ ಒಣಗಿದ್ದರೆ ವಾರಗಟ್ಟಲೆ ಇರುತ್ತದೆ. ತೇವದ ಅಂಶ ಉಳಿದಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಮೂರೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಬಿಡಿಯಾಗಿ ಇಟ್ಟರೆ ಕಾರಿನ ಕುಲುಕಾಟಕ್ಕೆ ಪುಡಿಯಾಗುತ್ತದೆ. ನಾಲ್ಕು ರೊಟ್ಟಿಯನ್ನು ಎರಡು ರಟ್ಟಿನ ಹಾಳೆಯ ನಡುವೆ ಇಟ್ಟು ಕಾಗದದಲ್ಲಿ ಸುತ್ತಿ, ಎರಡು ಚಮಚ ಹಿಂಡಿಯ ಪೊಟ್ಟಣ ಜೊತೆಗಿಡಿ. ಶೇಂಗಾ ಹಿಂಡಿ, ಚಿಕ್ಕಿ ಎರಡಕ್ಕೂ ಕಾವಿನಲ್ಲಿ ಕಮಟು ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಹತ್ತು ದಿನ ದಾಟಿದ್ದನ್ನು ಮೂಸಿ ನೋಡದೆ ಕೊಡಬೇಡಿ. ನಿಮ್ಮ ಮನೆಯವರಿಗೆ ಬಡಿಸಲಾರದ್ದು ಅವರಿಗೂ ಬೇಡ.

ಹಲ್ಲಿನ ಮಾತು ಬಹಳ ಜನ ಮರೆಯುತ್ತಾರೆ. ಬೀದಿಯ ವೃದ್ಧರಲ್ಲಿ ಹಲ್ಲಿಲ್ಲದವರು ಬಹಳ ಇರುತ್ತಾರೆ. ಚಿಕ್ಕಿ, ಖಡಕ್ ರೊಟ್ಟಿ, ಹುರಿದ ಶೇಂಗಾ ಅವರಿಗೆ ಕೊಟ್ಟರೂ ಕೊಡದಂತೆಯೇ. ಅವರಿಗಾಗಿ ಬೇರೆ ಪೊಟ್ಟಣ ಕಟ್ಟಿ: ತೆಳು ಅವಲಕ್ಕಿ ಒಂದು ಹಿಡಿ, ಪುಟಾಣಿ ಹಿಟ್ಟು ಎರಡು ಹಿಡಿ, ಪುಡಿ ಮಾಡಿದ ಬೆಲ್ಲ ಅರ್ಧ ಹಿಡಿ. ಒಂದು ಲೋಟ ನೀರು ಬೆರೆಸಿ ಐದು ನಿಮಿಷ ಬಿಟ್ಟರೆ ಚಮಚದಲ್ಲಿ ತಿನ್ನುವಷ್ಟು ಮೆತ್ತಗಾಗುತ್ತದೆ. ಪೊಟ್ಟಣದ ಜೊತೆ ಒಂದು ಸ್ಟೀಲ್ ಲೋಟ, ಚಮಚ ಕೊಡುವುದು ಮರೆಯಬೇಡಿ. ಬಾಳೆಹಣ್ಣು ಎಲ್ಲಕ್ಕಿಂತ ಒಳ್ಳೆಯದು, ಆದರೆ ಡಿಕ್ಕಿಯಲ್ಲಿ ಅರ್ಧ ದಿನಕ್ಕೇ ಕರಗುತ್ತದೆ. ಕೊಡುವ ದಿನವೇ, ದಾರಿಯ ಗಾಡಿಯಲ್ಲಿ ಕೊಂಡು ಕೊಡಿ.

ಮದುವೆ ಮನೆಯ, ಗೃಹಪ್ರವೇಶದ ಉಳಿದ ಅನ್ನ, ಪಲಾವು, ಮೊಸರನ್ನವನ್ನು ಈ ಡಬ್ಬಿಗೆ ಹಾಕಬೇಡಿ. ಬೇಯಿಸಿದ ಅನ್ನ 40 ಡಿಗ್ರಿಯ ಕಾವಿನಲ್ಲಿ ಒಂದು ತಾಸು ದಾಟಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ವಿಷ ಬಿಡಬಹುದು, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮನೆಯಲ್ಲಿರುವವರಿಗೆ ವಾಂತಿ ಭೇದಿ ಒಂದು ದಿನದ ತೊಂದರೆ. ಬಚ್ಚಲು, ನೀರು ಎರಡೂ ಇಲ್ಲದವರಿಗೆ ಅದು ಪ್ರಾಣದ ಮೇಲೆ ಬರುತ್ತದೆ. ಉಳಿದ ಊಟ ಕೊಡುವುದೇ ಆದರೆ ಬಿಸಿ ಇರುವಾಗಲೇ ನೇರವಾಗಿ ಒಯ್ದು ಹಂಚಿ.

ಹಲವು ದಿನ ಏನೂ ತಿಂದಿಲ್ಲವೆಂದು ಕಂಡರೆ ಒಮ್ಮೆಗೇ ಹೊಟ್ಟೆ ತುಂಬ ತಿನ್ನಿಸಬೇಡಿ. ನಾಲ್ಕು ಬಿಸ್ಕತ್ತು, ಸ್ವಲ್ಪ ನೀರು, ಅರ್ಧ ತಾಸಿನ ಮೇಲೆ ಇನ್ನಷ್ಟು. ಎದ್ದು ಕೂರಲಾರದಷ್ಟು ಬಡಕಲಾಗಿದ್ದರೆ ಆಸ್ಪತ್ರೆಯೇ ಬೇಕು.

ಐದು ಜನಕ್ಕೆಂದು ಡಬ್ಬಿ ತುಂಬಿಸುವುದಾದರೆ ತಿನ್ನುವ ಸಾಮಾನಿನ ಲೆಕ್ಕ ಹೀಗೆ: ಗ್ಲೂಕೋಸ್ ಬಿಸ್ಕತ್ತು ಸಣ್ಣ ಪ್ಯಾಕೆಟ್ 10, ರೊಟ್ಟಿ ಹಿಂಡಿಯ ಕಟ್ಟು 3, ಅವಲಕ್ಕಿ ಹಿಟ್ಟಿನ ಪೊಟ್ಟಣ 3, ಪುಟಾಣಿ ಬೆಲ್ಲದ ಪೊಟ್ಟಣ 5, ಖರ್ಜೂರ ಅರ್ಧ ಕೆಜಿಯನ್ನು ಐದು ಭಾಗ ಮಾಡಿ. ಇದಕ್ಕಿಂತ ಹೆಚ್ಚು ಇಟ್ಟರೆ ಕೊಡುವ ಮುಂಚೆಯೇ ಕೆಡುತ್ತದೆ.

ಬಟ್ಟೆ, ಚಪ್ಪಲಿ, ಹಾಸಿಗೆ

ಚಪ್ಪಲಿಯನ್ನು ಬಟ್ಟೆಗಿಂತ ಮುಂದಿಡುತ್ತೇವೆ. ಮಧ್ಯಾಹ್ನದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದರೆ ಬೊಬ್ಬೆ ಏಳುತ್ತವೆ, ಒಡೆದ ಬೊಬ್ಬೆಗೆ ದೂಳು ಸೇರಿ ಹುಣ್ಣಾಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ಹುಣ್ಣು ಕಾಲನ್ನೇ ತೆಗೆಯಬಹುದು. ರಬ್ಬರಿನ ಹವಾಯಿ ಚಪ್ಪಲಿ ಗಂಡಸರ 8, 9 ನಂಬರಿನ ಒಂದೊಂದು ಜೊತೆ, ಹೆಂಗಸರ 6, 7 ನಂಬರಿನ ಒಂದೊಂದು ಜೊತೆ ಇಡಿ. ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ, ಸಣ್ಣದಾದರೆ ಆಗುವುದಿಲ್ಲ. ಜೊತೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟದಿದ್ದರೆ ಬೇಕಾದಾಗ ಒಂದೇ ಕಾಲಿನದು ಸಿಗುತ್ತದೆ.

ಬಟ್ಟೆಯಲ್ಲಿ ಲುಂಗಿಗೆ ಸಮನಾದದ್ದಿಲ್ಲ. ಉಡಬಹುದು, ಹೊದೆಯಬಹುದು, ಹಾಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಒಗೆದರೆ ಅರ್ಧ ತಾಸಿನಲ್ಲಿ ಒಣಗುತ್ತದೆ. ಹೆಂಗಸರಿಗೆ ಹತ್ತಿಯ ನೈಟಿ ಅಥವಾ ಮೆತ್ತಗಾದ ಹಳೆ ಹತ್ತಿ ಸೀರೆ. ಪಾಲಿಸ್ಟರ್ ಸೀರೆ ಬೇಸಿಗೆಯಲ್ಲಿ ಮೈಗೆ ಅಂಟಿ ಬೆವರುಸಾಲೆ ಎಬ್ಬಿಸುತ್ತದೆ. ಜೀನ್ಸ್ ಬೇಡವೇ ಬೇಡ. ಒಗೆದರೆ ಒಣಗುವುದಿಲ್ಲ, ಬದಲಿಗೆ ಇನ್ನೊಂದಿರುವುದಿಲ್ಲ. ಒಳಉಡುಪು ಮಾತ್ರ ಹೊಸದೇ ಇರಲಿ. ಹಳೆ ಬಟ್ಟೆಯನ್ನು ಒಗೆದು, ಒಣಗಿಸಿ, ಗುಂಡಿ ಹೊಲಿದು ಮಡಿಚಿಡಿ. ಲಾಡಿ ಅಥವಾ ಎಲಾಸ್ಟಿಕ್ ಇರುವ ಪ್ಯಾಂಟು ಎಲ್ಲ ಮೈಕಟ್ಟಿಗೂ ಆಗುತ್ತದೆ.

ಹಾಸಲು ಸಿಂಧನೂರು, ಗಂಗಾವತಿ ಕಡೆಯ 25 ಕೆಜಿಯ ಅಕ್ಕಿ ಚೀಲಗಳೇ ಸಾಕು. ಒಂದೊಂದು ಬದಿ ಬಿಚ್ಚಿ, ಒಗೆದು, ಮೂರು ಚೀಲ ಸೇರಿಸಿ ಹೊಲಿಸಿದರೆ ಒಬ್ಬರು ಮಲಗುವ ಚಾಪೆಯಾಗುತ್ತದೆ. ಮಡಿಚಿದರೆ ಪುಸ್ತಕದಷ್ಟೇ ದಪ್ಪ, ನೀರು ಬೇಗ ಹೀರುವುದಿಲ್ಲ, ಯಾರೂ ಕದಿಯುವುದೂ ಇಲ್ಲ. ರಸಗೊಬ್ಬರದ ಚೀಲ ಮಾತ್ರ ಬಳಸಬೇಡಿ. ಅದರ ನೂಲಿನೊಳಗೆ ಉಳಿದ ಗೊಬ್ಬರ ಬೆವರಿಗೆ ಕರಗಿ ಚರ್ಮ ಉರಿಸುತ್ತದೆ.

ಹವೆ ಬದಲಾದಂತೆ ಡಬ್ಬಿಯೂ ಬದಲಾಗಬೇಕು. ನೆನಪಿಗೆ ಮೂರು ಗುರುತು: ಯುಗಾದಿ, ಮಿರಗ (ಜೂನಿನ ಮೃಗಶಿರಾ ಮಳೆ), ದೀಪಾವಳಿ. ಯುಗಾದಿಗೆ ನೀರು, ಓಆರ್‌ಎಸ್, ಟವೆಲ್, ಟೋಪಿ ಹೆಚ್ಚಿಸಿ ಚಾದರ ತೆಗೆಯಿರಿ. ಮಿರಗದ ಮಳೆಗೆ ಆರಡಿ ಉದ್ದ, ನಾಲ್ಕಡಿ ಅಗಲದ ತಾಡಪತ್ರಿ ತುಂಡು ಮೂರು, ಪ್ರತಿಯೊಂದಕ್ಕೂ ನಾಲ್ಕು ಮೊಳ ಹಗ್ಗ, ಜೊತೆಗೆ ಸೊಳ್ಳೆ ಕ್ರೀಮಿನ ಸಣ್ಣ ಪ್ಯಾಕೆಟ್. ದೀಪಾವಳಿಗೆ ತೆಳು ಚಾದರ ನಾಲ್ಕು, ಮಂಕಿ ಟೋಪಿ ನಾಲ್ಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮ ಕಡೆಯೂ ಬರಿ ನೆಲ ಕೊರೆಯುತ್ತದೆ, ವೃದ್ಧರು ಅದಕ್ಕೇ ನಿದ್ದೆ ಕಳೆದುಕೊಳ್ಳುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಊಟದ ಡಬ್ಬಿ ಒಯ್ಯುವ ಅಗತ್ಯವಿಲ್ಲ, ಮಹಾದಾಸೋಹ ನಡೆದಿರುತ್ತದೆ. ಆಗ ಬೇಕಾಗುವುದು ರಾತ್ರಿಯ ಚಾದರ.

ಎಲ್ಲಕ್ಕೂ ಮೇಲೆ ಒಂದು ಚೀಲ. ಮಕ್ಕಳು ಬಿಟ್ಟ ಶಾಲೆಯ ಬ್ಯಾಗು, ಜಿಪ್ಪು ಸರಿ ಇದ್ದರೆ ಸಾಕು. ಅದರೊಳಗೆ ನೀರು ಹೋಗದ ಜಿಪ್ ಕವರೊಂದು ಇಡಿ. ಆಧಾರ್ ಕಾರ್ಡು, ಪಿಂಚಣಿ ಕಾಗದ, ಆಸ್ಪತ್ರೆಯ ಚೀಟಿ ಮಳೆಗೆ ನೆಂದು ಹಾಳಾದರೆ ಮತ್ತೆ ಮಾಡಿಸಲು ಅವರಿಗೆ ವಿಳಾಸವೇ ಇರುವುದಿಲ್ಲ. ಎರಡು ರೂಪಾಯಿಯ ಕವರು ಒಂದು ಪಿಂಚಣಿಯನ್ನೇ ಉಳಿಸಬಲ್ಲದು.

ಹೆಣ್ಣುಮಕ್ಕಳಿಗೆ

ಪ್ಯಾಡಿನ ಪ್ಯಾಕೆಟ್ ಒಂದನ್ನೇ ಕೊಟ್ಟರೆ ಉಪಯೋಗವಿಲ್ಲ, ಅದನ್ನು ಹಿಡಿಸಲು ಒಳಚಡ್ಡಿ ಬೇಕು. ಒಳಗಿನದು ಕಾಣದಂಥ ಬಣ್ಣದ ಒಂದು ಬಟ್ಟೆ ಚೀಲದಲ್ಲಿ ಪ್ಯಾಡ್ ಒಂದು ಪ್ಯಾಕ್, ಹೊಸ ಒಳಚಡ್ಡಿ ಎರಡು, ಮೆತ್ತನೆಯ ಹತ್ತಿ ಬಟ್ಟೆಯ ತುಂಡು ನಾಲ್ಕು, ಸೇಫ್ಟಿ ಪಿನ್ ಆರು, ಸುತ್ತಿ ಎಸೆಯಲು ಹಳೆ ಪೇಪರ್, ಸಣ್ಣ ಸೋಪು ಇಟ್ಟು ಕಟ್ಟಿ. ಇಂಥ ಎರಡು ಚೀಲ ಸಾಕು. ಇದನ್ನು ಹೆಂಗಸೇ ಕೊಡಬೇಕು. ಕಾರಿನಲ್ಲಿ ಗಂಡಸರಷ್ಟೇ ಇದ್ದರೆ ಪಕ್ಕದ ಹೂವಿನ ಅಂಗಡಿ ಅಕ್ಕನಿಗೋ, ಬಸ್ ಸ್ಟ್ಯಾಂಡಿನ ಕಸ ಗುಡಿಸುವ ಅಮ್ಮನಿಗೋ ಕೊಟ್ಟು ತಲುಪಿಸಲು ಕೇಳಿ.

ಮಾತ್ರೆ ಕೊಡಬೇಡಿ

ಜ್ವರದ್ದಾಗಲಿ, ನೋವಿನದ್ದಾಗಲಿ, ಯಾವ ಮಾತ್ರೆಯನ್ನೂ ಡಬ್ಬಿಯಲ್ಲಿ ಇಡಬೇಡಿ. ಕಾರಿನ ಕಾವಿಗೆ ಔಷಧದ ಸತ್ವ ಕುಂದುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರು ಕುಡಿದಿದ್ದಾರೋ, ಬೇರೆ ಯಾವ ಔಷಧ ನಡೆದಿದೆಯೋ, ಲಿವರ್ ಹೇಗಿದೆಯೋ ನಮಗೆ ಗೊತ್ತಿರುವುದಿಲ್ಲ. ಗಾಯಕ್ಕೆ ಬೇಕಾದದ್ದು ಶುದ್ಧ ನೀರು, ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್ ಎರಡು ಸುರುಳಿ. ಅಂಟಿಸುವ ಪಟ್ಟಿಯ ಗೋಂದು ಬೇಸಿಗೆಯಲ್ಲಿ ಕರಗಿ ಕೆಡುತ್ತದೆ. ಕೈಗವಸು ಎರಡು ಜೊತೆ ನಿಮಗಾಗಿ ಇರಲಿ. ಹುಳ ಬಿದ್ದ, ವಾಸನೆ ಬರುವ, ಎಲುಬು ಕಾಣುವ ಗಾಯವನ್ನು ಮುಟ್ಟಬೇಡಿ, 108ಕ್ಕೆ ಕರೆ ಮಾಡಿ.

ಕೊಡುವ ಹೊತ್ತು, ಕೊಡುವ ರೀತಿ

ಕಾರಿನ ಕಿಟಕಿಯಿಂದ ಚಾಚಬೇಡಿ. ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ, ಬೆಳಕಿರುವ ಕಡೆ ನಿಲ್ಲಿಸಿ, ಹೆಡ್‌ಲೈಟ್ ಆರಿಸಿ, ಒಬ್ಬರಿಗೆ ಆಗುವಷ್ಟನ್ನೇ ಕೈಯಲ್ಲಿ ಹಿಡಿದು ನಡೆದು ಹೋಗಿ. ಡಬ್ಬಿಯನ್ನೇ ಎತ್ತಿ ತಂದರೆ ಐದು ನಿಮಿಷದಲ್ಲಿ ಗುಂಪಾಗುತ್ತದೆ, ಗಟ್ಟಿ ಇದ್ದವರು ಕಿತ್ತುಕೊಳ್ಳುತ್ತಾರೆ, ಮೂಲೆಯಲ್ಲಿ ಕೂತ ಅಜ್ಜಿಗೆ ಏನೂ ಸಿಗುವುದಿಲ್ಲ. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆಯ ದಿನ ಡಬ್ಬಿ ತೆರೆಯಲೇಬೇಡಿ. ಆ ಜನಜಂಗುಳಿಯಲ್ಲಿ ಸರದಿ ಉಳಿಯುವುದಿಲ್ಲ. ಬೇರೆ ದಿನ, ಬೆಳಿಗ್ಗೆ ಬೇಗ ಹೋಗಿ.

ಎದುರು ಕುಕ್ಕರುಗಾಲಲ್ಲಿ ಕೂತು ಮಾತಾಡಿಸಿ. ನಿಂತು ಮಾತಾಡಿಸಿದರೆ ಪೊಲೀಸರೆಂದೋ, ಎತ್ತಿಸಲು ಬಂದವರೆಂದೋ ಬೆಚ್ಚುತ್ತಾರೆ. ವಯಸ್ಸಾದವರನ್ನು ಕೊಪ್ಪಳದ ಕಡೆ ಅಜ್ಜ, ಬಳ್ಳಾರಿ ಕಡೆ ತಾತ, ರಾಯಚೂರಿನಲ್ಲಿ ಮುತ್ಯಾ ಎಂದು ಕರೆಯಿರಿ. ನಡುವಯಸ್ಸಿನವರಿಗೆ ಯಜಮಾನ್ರ, ಅಕ್ಕ. "ಊಟ ಆತೇನ್ರಿ ಅಜ್ಜಾರ?" ಎಂದು ಶುರುಮಾಡಿದರೆ ಸಾಕು, ಅದು ನಾವು ಬೀಗರಿಗೂ ಕೇಳುವ ಮಾತು. ಆಮೇಲೆ "ಚಾದರ ಐತ್ರಿ, ಬೇಕಾದ್ರ ಕೊಡ್ತೀನಿ" ಎನ್ನಿ. ಮುಖದಲ್ಲಿ ಅರ್ಥವಾದ ಸುಳಿವು ಕಾಣದಿದ್ದರೆ ತೆಲುಗಿನಲ್ಲಿ "ನೀಳ್ಳು ಕಾವಾಲಾ?", ಉರ್ದು ಆಡುವವರಿಗೆ "ಪಾನಿ ಹೋನಾ?" ಎಂದು ಕೇಳಿ. ಬಳ್ಳಾರಿ, ರಾಯಚೂರಿನಲ್ಲಿ ಈ ಮೂರು ಭಾಷೆಯ ಎರಡೆರಡು ಮಾತು ಬಂದರೆ ಬಹುತೇಕ ಎಲ್ಲರನ್ನೂ ಮುಟ್ಟಬಹುದು.

ಬೇಡ ಎಂದರೆ ಬೇಡ. ಕಾರಣ ಕೇಳದೆ, ಒತ್ತಾಯಿಸದೆ ಬನ್ನಿ. ಇನ್ನೊಂದು ದಿನ ಅವರೇ ಕೇಳಬಹುದು. ನಿದ್ದೆ ಹೋದವರನ್ನು ಎಬ್ಬಿಸಬೇಡಿ, ತಲೆಯ ಹತ್ತಿರ ತಿನಿಸು ಇಟ್ಟೂ ಬರಬೇಡಿ. ವಾಸನೆಗೆ ನಾಯಿ, ಹಂದಿ ಬರುತ್ತವೆ, ಮಲಗಿದವರ ಕೈ ಕಚ್ಚಿದರೆ ಆ ತಪ್ಪು ನಮ್ಮದಾಗುತ್ತದೆ. ಚಳಿಗೆ ನಡುಗುತ್ತ ಮಲಗಿದ್ದರೆ ಚಾದರ ಹೊದಿಸಬಹುದು, ಕಾಲ ಕಡೆಯಿಂದ, ಮೆಲ್ಲಗೆ.

ಫೋಟೋ, ವಿಡಿಯೋ ತೆಗೆಯಬೇಡಿ. ಬೀದಿಗೆ ಬಂದದ್ದನ್ನು ಊರಿನವರಿಂದ ಮುಚ್ಚಿಟ್ಟು ಬದುಕುವವರು ಬಹಳ ಇದ್ದಾರೆ, ಒಂದು ಸ್ಟೇಟಸ್ಸು ಅವರ ಮಗಳ ಮನೆಯವರೆಗೆ ಹೋಗಬಹುದು.

ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಮ್ಮ ಅಭಿಪ್ರಾಯ: ಹತ್ತರ ಎರಡು ಮೂರು ನೋಟು ಕೊಡುವುದರಲ್ಲಿ ತಪ್ಪಿಲ್ಲ. ಶೌಚಾಲಯಕ್ಕೆ, ಚಹಾಕ್ಕೆ, ಕ್ಯಾಂಟೀನಿನ ಊಟಕ್ಕೆ ದುಡ್ಡೇ ಬೇಕು, ಡಬ್ಬಿಯಿಂದ ಅದು ಸಿಗುವುದಿಲ್ಲ. ಕೊಟ್ಟ ಚಾದರವನ್ನು ಮಾರಿಕೊಂಡರೆಂದು ಸಿಟ್ಟಾಗಬೇಡಿ. ಆ ಹೊತ್ತಿಗೆ ಅವರಿಗೆ ಇನ್ನೇನೋ ಹೆಚ್ಚು ಬೇಕಿತ್ತು. ಚಿಕ್ಕ ಮಕ್ಕಳ ಕೈಗೆ ಮಾತ್ರ ನಗದು ಕೊಡಬೇಡಿ, ಅದು ಮಕ್ಕಳನ್ನು ಬೇಡಲು ಕಳಿಸುವವರ ಕೈ ಸೇರುತ್ತದೆ.

ಡಬ್ಬಿ ಸಾಲದ ಸಂದರ್ಭ

ಬಿಸಿಲ ಹೊತ್ತಿನಲ್ಲಿ ಒಬ್ಬರ ಮೈ ಕಾದು, ಮಾತು ತೊದಲಿ, ಕರೆದರೆ ಗೊಂದಲದಲ್ಲಿದ್ದರೆ ಅದು ಬಿಸಿಲಾಘಾತ. ಕುಡಿದಿದ್ದಾರೆಂದು ಜನ ದಾಟಿ ಹೋಗುವುದರಿಂದಲೇ ಇದರಲ್ಲಿ ಪ್ರಾಣ ಹೋಗುತ್ತದೆ. 108ಕ್ಕೆ ಕರೆ ಮಾಡಿ, ನೆರಳಿಗೆ ಸರಿಸಿ, ಡಬ್ಬಿಯ ಟವೆಲ್ಲುಗಳನ್ನು ನೆನೆಸಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ನೀರು ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರನ್ನು ಮಗ್ಗುಲಾಗಿ ಮಲಗಿಸಿ.

ಒಂಟಿ ಮಗು ಕಂಡರೆ 1098. ಮನೆಯವರು ಬಿಟ್ಟುಹೋದ ವೃದ್ಧರಿಗೆ 14567. ತೊಂದರೆಯಲ್ಲಿರುವ ಹೆಂಗಸಿಗೆ 181. ಹೊಡೆದಾಟ, ಅಪಾಯ ಇದ್ದರೆ 112. ಈ ಸಂಖ್ಯೆಗಳನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿ. ಮನಸ್ಸಿನ ಕಾಯಿಲೆಯಿಂದ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವ ಹೊಣೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಪೊಲೀಸರದು. ಠಾಣೆಯಲ್ಲಿ ನಮ್ಮ ಕೆಲಸವಲ್ಲ ಎಂದರೆ ಸೆಕ್ಷನ್ ಹೇಳಿ ಮಾತಾಡಿ.

ಪಾಲಿಕೆ ಅಥವಾ ನಗರಸಭೆಗೆ ಒಮ್ಮೆ ಹೋಗಿ, ನಗರ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ, ಹೆಂಗಸರಿಗೆ ಜಾಗ ಇದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿರಾಶ್ರಿತರ ಪರಿಹಾರ ಕೇಂದ್ರ ಎಂಬುದು ಬೇರೆ. ಅದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬರುವಂಥದ್ದು. ನಮ್ಮ ಮನೆ ಕಂದಾಯದ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುವುದು ಇದರ ವೆಚ್ಚಕ್ಕೇ. ಆ ಕಾಯ್ದೆಯ ಕೆಳಗೆ ಬೇಡುವುದೇ ಅಪರಾಧವಾದ್ದರಿಂದ, ಅವರ ಒಪ್ಪಿಗೆ ಕೇಳದೆ ಎತ್ತಿಸಿ ಕಳಿಸಲು ಕರೆ ಮಾಡಬೇಡಿ. ಹಾಗೆ ಒಮ್ಮೆ ಆದರೆ ಆ ಬೀದಿಯ ಯಾರೂ ಮತ್ತೆ ನಿಮ್ಮ ಕೈಯಿಂದ ನೀರೂ ತೆಗೆದುಕೊಳ್ಳುವುದಿಲ್ಲ.

ತಿರುಗಿ ತುಂಬಿಸುವುದು

ಮುಚ್ಚಳದ ಒಳಗೆ ಇನ್ನೊಂದು ಚೀಟಿ: ಏನು ಎಷ್ಟಿದೆ, ಯಾವಾಗ ಇಟ್ಟದ್ದು. ಕೊಟ್ಟಾಗಲೆಲ್ಲ ಗೆರೆ ಎಳೆಯಿರಿ. ವಾರಕ್ಕೊಂದು ದಿನ, ಕಾರು ತೊಳೆಯುವ ಹೊತ್ತಿಗೇ, ಡಬ್ಬಿ ಪೂರ್ತಿ ಖಾಲಿ ಮಾಡಿ ಒಣ ಬಟ್ಟೆಯಲ್ಲಿ ಒರೆಸಿ, ತಿನ್ನುವುದನ್ನು ಮೂಸಿ ನೋಡಿ, ಬಾಟಲಿ ಬದಲಿಸಿ. ಎರಡು ತಿಂಗಳಾದರೂ ಯಾರೂ ಒಯ್ಯದ ವಸ್ತು ಇದ್ದರೆ ಅದು ಈ ಬೀದಿಗೆ ಬೇಡದ ವಸ್ತು, ತೆಗೆದುಬಿಡಿ. ಮೊದಲ ತಿಂಗಳೇ ಎಲ್ಲ ಕೊಳ್ಳಬೇಕೆಂದಿಲ್ಲ. ನಾಲ್ಕು ಬಾಟಲಿ ನೀರು, ಹತ್ತು ಬಿಸ್ಕತ್ತು ಪ್ಯಾಕೆಟ್, ಎರಡು ಲುಂಗಿ, ಎರಡು ಜೊತೆ ಚಪ್ಪಲಿಯಿಂದ ಶುರುಮಾಡಿ. ಬಳಿಕ ಅವರು ಏನು ಕೇಳುತ್ತಾರೋ ಅದನ್ನು ಚೀಟಿಯ ಕೆಳಗೆ ಬರೆದುಕೊಂಡು, ಮುಂದಿನ ಸಂತೆಯಲ್ಲಿ ಅದನ್ನೇ ತನ್ನಿ.